ದಿವೆ ಘಾಟಿನಲ್ಲಿ ಇಳಿದ ಮುಳ್ಳು

ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಮುಳ್ಳು ಸೊನ್ನೆಗೆ ಇಳಿಯಿತು. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವಿದೆ. ನಮ್ಮ ಕಾರಿಗೆ ಹುಟ್ಟಿನಿಂದಲೇ ಬಂದಿದ್ದ ಸಾಧನಗಳಲ್ಲಿ ಇನ್ನೂ ಸರಿಯಾಗಿ ನಡೆಯುತ್ತಿದ್ದುದು ಗಡಿಯಾರವೊಂದೇ, ಅದು ಈ ಮುಳ್ಳಿನ ಪಕ್ಕದಲ್ಲೇ ಇತ್ತು. ಆಮೇಲೆ ಎಷ್ಟೋ ತಿಂಗಳು ಕಣ್ಣು ಮುಚ್ಚಿದರೆ ಆ ಎರಡು ದುಂಡು ಗಾಜುಗಳು ಅಕ್ಕಪಕ್ಕದಲ್ಲಿ ಬಂದು ನಿಲ್ಲುತ್ತಿದ್ದವು. ಒಂದರಲ್ಲಿ ನಾಲ್ಕೂ ಹತ್ತು, ಇನ್ನೊಂದರಲ್ಲಿ ಸೊನ್ನೆ.

ತೊಂಬತ್ತರ ದಶಕದ ಕೊನೆಯ ಕಾಲ, ದಸರೆ ಮುಗಿದ ಮೇಲಿನ ಭಾನುವಾರ. ಜೇಜುರಿಗೆ ಹೋಗಿ ಮನೆದೇವರ ದರ್ಶನ ಮಾಡಿಕೊಂಡು ಹಡಪಸರದ ಮನೆಗೆ ಮರಳುತ್ತಿದ್ದೆವು. ಸಾಸವಡ ದಾಟಿದ ಮೇಲೆ ಪುಣೆಯ ಕಡೆಗೆ ಇಳಿಯುವುದು ದಿವೆ ಘಾಟು. ನನ್ನ ಗಂಡ ಕಾರು ನಡೆಸುತ್ತಿದ್ದರು. ಅವರ ಕಾರ್ಖಾನೆ ಸಾಸವಡದ ಆಚೆ ಇದ್ದುದರಿಂದ ಆ ಘಾಟು ಅವರು ದಿನಾ ಬೆಳಿಗ್ಗೆ ಹತ್ತಿ ದಿನಾ ಸಂಜೆ ಇಳಿಯುವ ರಸ್ತೆ. ನಾನು ಪಕ್ಕದ ಸೀಟಿನಲ್ಲಿದ್ದೆ. ಹಿಂದಿನ ಸೀಟಿನಲ್ಲಿ ಅತ್ತೆ, ಅವರ ಮಡಿಲಲ್ಲಿ ಖಾಲಿಯಾದ ಬುತ್ತಿಯ ಡಬ್ಬಿ ಮತ್ತು ಭಂಡಾರದ ಪೊಟ್ಟಣ. ಭಂಡಾರವೆಂದರೆ ಜೇಜುರಿಯಲ್ಲಿ ದೇವರ ಮೇಲೂ ಜನರ ಮೇಲೂ ತೂರುವ ಅರಿಸಿನ ಪುಡಿ. ಅತ್ತೆ ವರ್ಷಕ್ಕಾಗುವಷ್ಟು ತಂದಿದ್ದರು.

ಮುಳ್ಳಿನ ವಿಷಯ ಮೊದಲು ಹೇಳಬೇಕು.

ನನ್ನ ಗಂಡ ಕೆಲಸ ಮಾಡುತ್ತಿದ್ದುದು ಪ್ರೆಶರ್ ಗೇಜು ತಯಾರಿಸುವ ಕಾರ್ಖಾನೆಯಲ್ಲಿ. ಬಾಯ್ಲರಿನಲ್ಲಿ, ಪಂಪಿನಲ್ಲಿ ಒತ್ತಡ ಎಷ್ಟಿದೆ ಎಂದು ತೋರಿಸುವ ದುಂಡು ಮೀಟರುಗಳು. ಅವು ಸರಿಯಾಗಿ ತೋರಿಸುತ್ತವೆಯೇ ಎಂದು ನೋಡುವ ವಿಭಾಗ ಅವರದು. ಧಾರವಾಡದಲ್ಲಿ ಓದು ಮುಗಿಸಿ ನೇರ ಅಲ್ಲಿನ ತಪಾಸಣೆಯ ಮೇಜಿಗೆ ಬಂದವರು, ಇನ್ನೂ ಅದೇ ಮೇಜಿನಲ್ಲಿದ್ದರು. ಹೀಗಾಗಿ ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡಾಗ ಅವರು ಟೈರು ನೋಡಲಿಲ್ಲ, ಬಣ್ಣ ನೋಡಲಿಲ್ಲ. ಡ್ಯಾಶ್‌ಬೋರ್ಡಿನ ಆಯಿಲ್ ಪ್ರೆಶರ್ ಗೇಜು ನೋಡಿ ಮುಖ ಸಿಂಡರಿಸಿದರು. ಎಂಜಿನ್ನಿನೊಳಗೆ ಓಡಾಡುವ ಎಣ್ಣೆಯ ಒತ್ತಡವನ್ನು ಅದು ತೋರಿಸಬೇಕು. ಕಾರಿನ ಕಂಪನಿಯಿಂದ ಬಂದದ್ದು ವೈರಿನ ಮೇಲೆ ನಡೆಯುವ ಗೇಜು. ಅದರ ಮುಳ್ಳು ಸದಾ ತುಸು ನಡುಗುತ್ತಿತ್ತು, ಬೆಳಗಿನ ತಂಪಿನಲ್ಲಿ ಇನ್ನೂ ಹೆಚ್ಚು.

"ಇದಕ್ಕ ಗೇಜ್ ಅನ್ನಬಾರದು. ಇದು ಗಾಳಿಸುದ್ದಿ. ವೈರ್ ಒಂದು ಹೇಳ್ತದ, ಇದು ಒಂದು ಕೇಳ್ತದ," ಎಂದರು.

"ಗಾಡಿ ಓಡ್ಲಿಕ್ಕತ್ತದಲ್ರೀ?"

"ಓಡೂದು ಬ್ಯಾರೆ, ಗೊತ್ತಿರೂದು ಬ್ಯಾರೆ."

ಮುಂದಿನ ವಾರ ಪೇಟೆಯ ಮೋಟಾರು ಸಾಮಾನಿನ ಅಂಗಡಿಯಿಂದ ಬೇರೆ ಕಂಪನಿಯ ಒಂದು ಗೇಜು ತಂದರು. ಕಪ್ಪು ಮುಖ, ಬಿಳಿ ಅಂಕಿ, ಕೆಂಪು ಮುಳ್ಳು. ಇದರಲ್ಲಿ ವೈರಿನ ಮಧ್ಯಸ್ಥಿಕೆ ಇರಲಿಲ್ಲ. ಎಂಜಿನ್ನಿನಿಂದ ಬೆರಳಿಗಿಂತ ಸಪೂರವಾದ ಒಂದು ಪ್ಲಾಸ್ಟಿಕ್ ಪೈಪು ಹೊರಡುತ್ತದೆ, ಬಿಸಿ ಎಣ್ಣೆ ಅದರೊಳಗೆ ಹರಿದು ಡ್ಯಾಶ್‌ಬೋರ್ಡಿನ ಹಿಂದೆ ಗೇಜಿನ ಬೆನ್ನಿಗೆ ಬಂದು ಒತ್ತುತ್ತದೆ, ಮುಳ್ಳು ಏಳುತ್ತದೆ.

"ನಡಕ ಯಾರೂ ಇಲ್ಲ," ಎಂದರು. "ಎಣ್ಣಿ ತಾನ ಬಂದು ತನ್ನ ಸುದ್ದಿ ತಾನ ಹೇಳ್ತದ."

"ಅಂದ್ರ ಎಣ್ಣಿ ನಾವು ಕೂಡೋ ಕಡೆ ಬರ್ತದೇನ್ರಿ?"

"ಗೇಜಿನೊಳಗ ಬರ್ತದ. ನಿನ್ನ ತೊಡಿಮ್ಯಾಲೆ ಬರೂದಿಲ್ಲ."

ಇದು ಕೊನೆಯವರೆಗೂ ನಿಜವಾಗಿಯೇ ಉಳಿಯಿತು. ನನ್ನ ತೊಡೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ.

ಒಂದು ರಜೆಯ ದಿನ ಮನೆ ಮುಂದಿನ ಗಲ್ಲಿಯಲ್ಲಿ ಕಾರು ನಿಲ್ಲಿಸಿಕೊಂಡು ಅವರೇ ಅದನ್ನು ಕೂಡಿಸಿದರು. ಕಂಪನಿಯ ಗೇಜನ್ನು ಕಿತ್ತು ಅದರ ತೂತಿನಲ್ಲಿ ಹೊಸದನ್ನಿಟ್ಟರೆ ತುಸು ಸಡಿಲ. ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಬಿಗಿ ಮಾಡಿದರು. ಎಂಜಿನ್ನಿಗೂ ನಮಗೂ ನಡುವಿನ ತಗಡಿನ ಗೋಡೆಯಲ್ಲಿ ಹಳೆಯ ವೈರು ಬರುತ್ತಿದ್ದ ತೂತಿತ್ತು. ಅದರ ಸುತ್ತಲಿನ ರಬ್ಬರಿನ ಬಳೆ ಮುಟ್ಟಿದ ಕೂಡಲೇ ಪುಡಿಯಾಯಿತು. ಪೈಪನ್ನು ಬರಿಯ ತೂತಿನಲ್ಲೇ ಹಾಯಿಸಿದರು. ಎಂಜಿನ್ ಶುರು ಮಾಡಿ, ಮುಳ್ಳು ಎದ್ದು ಒಂದೆಡೆ ಅಲುಗದೆ ನಿಂತಾಗ, ಗಲ್ಲಿಯಲ್ಲಿ ಹಾದುಹೋಗುತ್ತಿದ್ದವರನ್ನು ಕರೆದು ತೋರಿಸಿದರು. ಒಬ್ಬರು ಅದನ್ನೇ ನೋಡಿ ಪೆಟ್ರೋಲ್ ಎಷ್ಟಿದೆ ಎಂದು ಓದಿ ಹೇಳಿದರು.

ಅದೇ ವಾರ ಖಂಡೆಪೂಜೆ ಬಂತು. ನಮ್ಮ ಕಡೆ ಆಯುಧಪೂಜೆಗೆ ಹಾಗೆನ್ನುತ್ತಾರೆ. ಅತ್ತೆ ಈಳಿಗೆಮಣೆ, ಸ್ಕ್ರೂ ಡ್ರೈವರು, ನನ್ನ ಪೆನ್ನು ಎಲ್ಲಕ್ಕೂ ಕುಂಕುಮವಿಟ್ಟು ಕಾರಿನ ಹತ್ತಿರ ಬಂದರು. ಹೊಸದೆಂದರೆ ಕಾರಿನಲ್ಲಿ ಗೇಜೊಂದೇ. ಅದರ ಗಾಜಿನ ನಟ್ಟನಡುವೆ ಕುಂಕುಮ ಇಡಲು ಹೋದಾಗ ನನ್ನ ಗಂಡ ತಡೆದರು. ಸ್ವಲ್ಪ ಮಾತುಕತೆಯಾಗಿ, ಅಂಕಿಗಳಿಲ್ಲದ ಕೆಳಭಾಗದಲ್ಲಿ ಇಡುವುದೆಂದಾಯಿತು. ಆಮೇಲೆ ಅತ್ತೆ ಕೆಳಗೆ ನೋಡಿದರು.

"ತಮ್ಮಾ, ಮ್ಯಾಲೆ ಕುಂಕುಮ, ಕೆಳಗ ಚಪ್ಪಲಿ ಏನು?"

"ಅವ್ವ, ಗಾಡಿ ಅದ ಇದು, ದೇವರಮನಿ ಅಲ್ಲ."

"ಪೂಜಾ ಮಾಡಿದ ಮ್ಯಾಲೆ ಎರಡೂ ಒಂದ."

ಅವತ್ತಿನಿಂದ ನಮ್ಮ ಕಾರಿನಲ್ಲಿ ಎಲ್ಲರೂ ಬರಿಗಾಲು. ಚಪ್ಪಲಿಗಳು ಒಂದು ಕೈಚೀಲದಲ್ಲಿ ಡಿಕ್ಕಿಯಲ್ಲಿ ಪ್ರಯಾಣ ಮಾಡುತ್ತಿದ್ದವು. ಪುಣೆಯಲ್ಲಿ ಹೊಸ ಗಾಡಿಗೆ ಹೀಗೆ ಮಾಡುವವರು ಬೇಕಾದಷ್ಟು ಜನ. ಹದಿನೈದು ದಿನಕ್ಕೆ ಮರೆತುಬಿಡುತ್ತಾರೆ. ನಮಗೆ ಹದಿನೈದು ದಿನ ಇನ್ನೂ ಆಗಿರಲಿಲ್ಲ.

ಆ ಭಾನುವಾರ ಘಾಟು ಇಳಿಯುವಾಗ ನಮ್ಮ ಮುಂದೆ ಈರುಳ್ಳಿ ತುಂಬಿದ ಲಾರಿ ಇತ್ತು. ಎಡಕ್ಕೆ ಸುಣ್ಣ ಬಳಿದ ಕಲ್ಲುಗಳು, ಅವುಗಳಾಚೆ ಕಣಿವೆ. ಬಲಕ್ಕೆ ಗುಡ್ಡ. ಗಾಡಿ ಎರಡನೇ ಗೇರಿನಲ್ಲಿ ನರಳುತ್ತ ಇಳಿಯುತ್ತಿತ್ತು. ಆಗ ಮುಳ್ಳು ಇಳಿಯಿತು. ಬೀಳಲಿಲ್ಲ, ಮೆಟ್ಟಿಲು ಇಳಿಯುವ ಮುದುಕರ ಹಾಗೆ ನಿಧಾನಕ್ಕೆ ಸೊನ್ನೆಗೆ ಬಂದು ಕೂತಿತು.

ನನ್ನ ಗಂಡ ಅದನ್ನು ನೋಡಿದರು. ನೋಡಿ, ತೋರುಬೆರಳಿನಿಂದ ಗಾಜನ್ನು ಮೆಲ್ಲಗೆ ತಟ್ಟಿದರು.

ಇದನ್ನು ವಿವರಿಸಬೇಕು. ಅವರ ಕಾರ್ಖಾನೆಯಲ್ಲಿ ಯಾವ ಗೇಜನ್ನೂ ತಟ್ಟದೆ ಓದುವುದಿಲ್ಲ. ಮುಳ್ಳು ಒಳಗೆ ಎಲ್ಲಾದರೂ ಹಿಡಿದುಕೊಂಡಿರಬಹುದು. ತಟ್ಟಬೇಕು, ಅದು ತನ್ನ ನಿಜವಾದ ಜಾಗಕ್ಕೆ ಬಂದು ನಿಲ್ಲುವವರೆಗೆ ಕಣ್ಣು ತೆಗೆಯದೆ ನೋಡಬೇಕು, ಆಮೇಲೆ ಬರೆದುಕೊಳ್ಳಬೇಕು. ಅವರು ಮನೆಯ ಗೋಡೆ ಗಡಿಯಾರವನ್ನೂ ತಟ್ಟಿ ನೋಡುತ್ತಿದ್ದರು, ಡಾಕ್ಟರರ ಬಿ.ಪಿ. ಯಂತ್ರವನ್ನೂ ಒಮ್ಮೆ ತಟ್ಟಿ ಬೈಸಿಕೊಂಡಿದ್ದರು. ಪದ್ಧತಿಯಲ್ಲಿ ತಪ್ಪಿಲ್ಲ. ಕಾರ್ಖಾನೆಯ ಮೇಜು ಘಾಟು ಇಳಿಯುತ್ತಿರುವುದಿಲ್ಲ, ಅಷ್ಟೇ.

ಮುಳ್ಳು ಏಳಲಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿ ತಟ್ಟಿದರು. ಡ್ಯಾಶ್‌ಬೋರ್ಡಿನ ಅಡಿಯಿಂದ ಕಪ್ಪು ಎಣ್ಣೆ ದಾರದಂತೆ ಹೊರಬಂದು ಅವರ ಬಲಗಾಲಿನ ಮೇಲೆ ಬಿತ್ತು. ತಗಡಿನ ಗೋಡೆಯ ಆ ಬರಿಯ ತೂತಿನ ಅಂಚು ಅಷ್ಟು ದಿನದಿಂದ ಪೈಪನ್ನು ಕೊಯ್ಯುತ್ತ ಬಂದಿತ್ತು, ಈಗ ಕೊಯ್ದು ಮುಗಿಸಿತ್ತು ಎಂಬುದು ಆಮೇಲೆ ತಿಳಿದ ವಿಷಯ. ಆಗ ಕಂಡದ್ದು ಇಷ್ಟು: ಬ್ರೇಕಿನ ಮೇಲಿದ್ದ ಬರಿಗಾಲು ಎಗರಿ ಸೀಟಿನವರೆಗೆ ಬಂತು. ಕಾರು ಮುಂದೆ ನೆಗೆಯಿತು. ಕಾಲು ಮತ್ತೆ ಬ್ರೇಕಿಗೆ ಹೋಯಿತು, ಎಣ್ಣೆಯಾದ ಪೆಡಲಿನಿಂದ ಜಾರಿತು. ಮತ್ತೆ ಹೋಯಿತು, ಮತ್ತೆ ಜಾರಿತು. ಲಾರಿಯ ಹಿಂದೆ ಬರೆದಿದ್ದ ಅಕ್ಷರಗಳು ದೊಡ್ಡವಾಗುತ್ತ ಬಂದವು. ನನ್ನ ಕಡೆ ಬ್ರೇಕು ಇರಲಿಲ್ಲ. ಆದರೂ ನಾನು ಎರಡೂ ಕಾಲಿನಿಂದ ಒತ್ತುತ್ತಿದ್ದೆ.

"ಅವ್ವ, ಗಟ್ಟಿ ಹಿಡಕೋ," ಎಂದರು ಅವರು. ಮಾರುಕಟ್ಟೆಯಲ್ಲಿ ಚೀಲ ಹಿಡಿಯಲು ಹೇಳುವ ಧ್ವನಿ.

"ಏನ ಹಿಡಕೊಳ್ಳೋ?" ಎಂದರು ಅತ್ತೆ. "ಭಂಡಾರಾ ಹಿಡದೀನಲ್ಲ."

ನನ್ನ ಗಂಡ ಹ್ಯಾಂಡ್ ಬ್ರೇಕ್ ಎಳೆದು ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿದರು. ಎಡಕ್ಕೆ ತಿರುಗಿಸಿದ್ದರೆ ಕಣಿವೆ. ಬಲಕ್ಕೆಂದರೆ ಮೇಲೆ ಬರುವವರ ದಾರಿಗೆ ಅಡ್ಡ, ಅಲ್ಲಿ ತಿರುವಿನಿಂದ ಒಂದು ಕೆಂಪು ಬಸ್ಸು ಬರುತ್ತಿತ್ತು. ಅದರ ಮುಂದುಗಡೆಯ ಗಾಜಿಗೆ ಕಟ್ಟಿದ್ದ ನಿಂಬೆಹಣ್ಣು ಎಣಿಸಲು ಬರುವಷ್ಟು ಹತ್ತಿರದಿಂದ ನಾವು ಅದರೆದುರು ದಾಟಿ, ಗುಡ್ಡದ ಬುಡದ ಗಟಾರಕ್ಕೆ ಮುಂದಿನ ಗಾಲಿ ಇಳಿಸಿ ನಿಂತೆವು. ಬಸ್ಸೂ ನಿಂತಿತು. ಲಾರಿ ಏನೂ ಗೊತ್ತಿಲ್ಲದೆ ತನ್ನ ಪಾಡಿಗೆ ಇಳಿದು ಹೋಯಿತು.

ಬಸ್ಸಿನ ಡ್ರೈವರ್ ಇಳಿದು ಬಂದ. "ಡೋಳೇ ಫುಟ್ಲೇ ಕಾ?" ಕಣ್ಣು ಹೋಗಿವೆಯೇ ಎಂದು ಮರಾಠಿಯಲ್ಲಿ ಬೈಯಲು ಶುರು ಮಾಡಿದವನು, ಬಾಗಿಲು ತೆಗೆದು ಕಾಲು ನೋಡಿ ಅಲ್ಲಿಗೇ ನಿಲ್ಲಿಸಿದ. ಅಷ್ಟರಲ್ಲಿ ಅತ್ತೆ ಕೆಳಗಿಳಿದು ಪೊಟ್ಟಣ ಬಿಚ್ಚಿದ್ದರು. ಸುಟ್ಟದ್ದಕ್ಕೆ ಅರಿಸಿನ ಒಳ್ಳೆಯದು, ಅದರಲ್ಲೂ ಇದು ದೇವರದು. ಮಗನ ಪಾದ ಮುಚ್ಚುವಷ್ಟು ಸುರಿದು, ಮಿಕ್ಕಿದ್ದನ್ನು ಬ್ರೇಕಿನ ಪೆಡಲಿಗೆ ಸುರಿದರು. ಎಣ್ಣೆ ಹೀರಲಿ ಎಂದೋ, ಅದಕ್ಕೂ ಸುಟ್ಟಿದೆ ಎಂದೋ ನಾನು ಕೇಳಲಿಲ್ಲ. ಬಸ್ಸಿನ ಜನ ಕಾರನ್ನು ಗಟಾರದಿಂದ ಎತ್ತಿ ಪಕ್ಕಕ್ಕಿಟ್ಟರು. ನಾವು ಒಂದು ಟೆಂಪೋ ಹಿಡಿದು ಹಡಪಸರದ ದವಾಖಾನೆಗೆ ಹೋದೆವು. ಡಾಕ್ಟರು ಪಾದವನ್ನು ತೊಳೆದೂ ತೊಳೆದೂ ಬೇಸತ್ತು, ಇದರಲ್ಲಿ ಸುಟ್ಟದ್ದೆಷ್ಟು, ಪ್ರಸಾದವೆಷ್ಟು ಎಂದು ಮರಾಠಿಯಲ್ಲಿ ಕೇಳಿದರು.

ಗಾಯ ಬೇಗ ಮಾಯಿತು. ಪಾದದ ಮೇಲೆ ನಯವಾದ ಒಂದು ಕಲೆ ಉಳಿಯಿತು. ಕಾರಿಗೆ ಬಂಪರು ಸೊಟ್ಟಗಾದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಅತ್ತೆ ತಮ್ಮ ನಿಯಮವನ್ನು ತಾವೇ ತಿದ್ದಿದರು: ಗಾಡಿ ನಡೆಸುವವನಿಗೆ ಕಾರ್ಖಾನೆಯ ಬೂಟು ನಡೆಯುತ್ತದೆ. "ಅದೂ ಒಂಥರಾ ಆಯುಧನ," ಎಂದರು. ಮುಂದಿನ ವರ್ಷ ಅದಕ್ಕೂ ಕುಂಕುಮ ಹಚ್ಚುವುದೆಂದು ತೀರ್ಮಾನವಾಯಿತು.

ನನ್ನ ನಿದ್ದೆ ಮಾತ್ರ ಹೋಯಿತು.

ಕೆಟ್ಟ ಕನಸು ಬಿದ್ದು ಎದ್ದು ಕೂರುವುದು ಎಂದೆಲ್ಲ ಹೇಳುತ್ತಾರೆ. ನನಗೆ ಕನಸು ಬೀಳುವ ಮಟ್ಟಕ್ಕೆ ನಿದ್ದೆಯೇ ಬರುತ್ತಿರಲಿಲ್ಲ. ಮಲಗಿದಲ್ಲೇ ಘಾಟು ಇಳಿಯುತ್ತಿದ್ದೆ. ಒಂದು ಸಲ ಬಸ್ಸು ಸ್ವಲ್ಪ ಮೊದಲು ಬರುತ್ತಿತ್ತು. ಒಂದು ಸಲ ಹ್ಯಾಂಡ್ ಬ್ರೇಕಿನ ತಂತಿ ಹರಿಯುತ್ತಿತ್ತು. ಒಂದು ಸಲ ಅವರು ಮೂರನೆಯ ಬಾರಿ ಗಾಜು ತಟ್ಟುತ್ತಿದ್ದರು. ನಾನು ಹುಡುಗಿಯರ ಜೂನಿಯರ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದೆ. ಬೇಡಿಕೆಯ ರೇಖೆಯನ್ನು ಎಡದಿಂದ ಬಲಕ್ಕೆ ಇಳಿಸಬೇಕು; ಅರ್ಧ ಇಳಿಸುವಾಗ ಸೀಮೆಸುಣ್ಣ ನಿಂತುಬಿಡುತ್ತಿತ್ತು. ಹುಡುಗಿಯರು ಅದನ್ನು ಹಾಗೆಯೇ ಅರ್ಧ ಬರೆದುಕೊಂಡು, ಪರೀಕ್ಷೆಯಲ್ಲೂ ಅರ್ಧ ಬರೆದರು.

ನನಗೆ ಬೇಕಾಗಿದ್ದುದು ಒಂದೇ. ಆ ಪೈಪು ಕಾರಿನೊಳಗಿಂದ ತೊಲಗಬೇಕು. ಅವರು ದಿನಾ ಅದೇ ಘಾಟು, ಅದೇ ಕಾರಿನಲ್ಲಿ, ಅದೇ ಬಿಸಿ ಎಣ್ಣೆಯನ್ನು ಮೊಣಕಾಲ ಮುಂದೆ ಇಟ್ಟುಕೊಂಡು ಇಳಿಯುತ್ತಿದ್ದರು. ನಾನು ಅವರನ್ನು ಪ್ರತಿ ಸಂಜೆ ಒಮ್ಮೆ ಕಳೆದುಕೊಂಡು, ಗೇಟಿನ ಸದ್ದಾದಾಗ ಮರಳಿ ಪಡೆಯುತ್ತಿದ್ದೆ. ಗೇಟಿನ ಸದ್ದು ದಿನದಿಂದ ದಿನಕ್ಕೆ ತಡವಾಗುತ್ತಿತ್ತು.

"ತೆಗದುಬಿಡ್ರಿ ಅದನ್ನ," ಎನ್ನುತ್ತಿದ್ದೆ.

"ತಾಮ್ರದ ಪೈಪು ಹಾಕೀನಲ್ಲ. ರಬ್ಬರ್ ಬಳಿ ಹಾಕೀನಿ. ಈಗ ಕೊಯ್ಯೂದಿಲ್ಲ."

"ಎಣ್ಣಿ ಒಳಗ ಬರೂದು ಬರ್ತದಲ್ಲ?"

"ಬರ್ಲಿಲ್ಲಂದ್ರ ತಿಳಿಯೂದು ಹ್ಯಾಂಗ?"

"ತಿಳಿದು ಏನ ಮಾಡಿದ್ರಿ ಅವತ್ತು? ತಟ್ಟಿದ್ರಿ."

ಗೇಜಿನಲ್ಲಿ ದೋಷವಿರಲಿಲ್ಲ ಎಂಬುದು ಅವರ ವಾದ. ಪೈಪು ಹರಿಯಿತು, ಒತ್ತಡ ಹೋಯಿತು, ಮುಳ್ಳು ಸೊನ್ನೆ ತೋರಿಸಿತು. ಅಂದರೆ ಅದು ನಿಜವನ್ನೇ ಹೇಳಿತು. ನಾನು ಅದನ್ನು ಅಲ್ಲಗಳೆದಿರಲಿಲ್ಲ. ಅಷ್ಟು ಹತ್ತಿರ ಬಂದು ಹೇಳುವ ಅಗತ್ಯವಿರಲಿಲ್ಲ ಎನ್ನುತ್ತಿದ್ದೆ. ಕಾರ್ಖಾನೆಯ ಬಸ್ಸಿನಲ್ಲಿ ಹೋಗಿ ಎಂದರೆ, ಅದರ ಡ್ರೈವರು ಯಾವ ಗೇಜನ್ನೂ ನೋಡುವುದಿಲ್ಲ ಎಂದರು. ನಾನು ಆ ಕಾರಿನಲ್ಲಿ ಕೂರುವುದಿಲ್ಲ ಎಂದೆ. ಅತ್ತೆಗೆ ಇಂಥ ಕಷ್ಟವಿರಲಿಲ್ಲ. ಅವರು ಹಿಂದಿನ ಸೀಟಿನಲ್ಲಿ ಮೊದಲಿನಂತೆ ಕೂರುತ್ತಿದ್ದರು, ತಲೆಯಿಟ್ಟ ಕೂಡಲೇ ಮಲಗುತ್ತಿದ್ದರು. "ದೇವರು ದಾಟಿಸಿದ ಮ್ಯಾಲೆ ಮತ್ತ ಮತ್ತ ನೀ ಯಾಕ ದಾಟ್ತೀ?" ಎಂದು ನನ್ನನ್ನು ಕೇಳಿದರು. ಒಳ್ಳೆಯ ಪ್ರಶ್ನೆ. ಉತ್ತರ ಹುಡುಕುತ್ತ ಇನ್ನೊಂದು ರಾತ್ರಿ ಹೋಯಿತು.

ಫೆಬ್ರವರಿಯಲ್ಲಿ ಪರೀಕ್ಷೆಯ ಮೇಲ್ವಿಚಾರಣೆಗೆ ನನ್ನನ್ನು ಸಾಸವಡಕ್ಕೆ ಹಾಕಿದರು. ಬೆಳಿಗ್ಗೆ ಬಸ್ಸಿನಲ್ಲಿ ಹೋದೆ. ಸಂಜೆ ಬಸ್ಸುಗಳು ಬರಲಿಲ್ಲ. ನಿಲ್ದಾಣದ ಎದುರು ಬಂದು ನಿಂತದ್ದು ನಮ್ಮ ಕಾರು.

"ಹತ್ತು," ಎಂದರು. "ನಿಂದರಲಿಕ್ಕೆ ಏನೂ ಇಲ್ಲ ಇಲ್ಲಿ."

ಹತ್ತಿದೆ. ಗೇಜಿನ ಕಡೆ ನೋಡದೆ ಕಿಟಕಿಯಾಚೆ ನೋಡುತ್ತ ಕೂತೆ. ಘಾಟು ಶುರುವಾಗುವ ಮೊದಲು, ಮೇಲೆ, ರಸ್ತೆಯ ಪಕ್ಕ ಒಂದು ಚಹಾದ ಗಾಡಿ. ಅವರು ಅಲ್ಲಿ ಕಾರು ನಿಲ್ಲಿಸಿದರು. ಚಹಾದವನು ನನ್ನನ್ನು ನೋಡಿ ನಕ್ಕ.

"ಕಾಯ್ ಸಾಹೇಬ್, ಆಜ್ ವಹಿನೀ ಪಣ್ ಆಲ್ಯಾ?"

ಇವತ್ತು ಅತ್ತಿಗೆಯವರೂ ಬಂದರೇ ಎಂದು ಅವನು ಕೇಳಿದ್ದು. ಗಂಡ ಕೆಳಗಿಳಿದರು. ತಮ್ಮ ಬಾಗಿಲು ತೆರೆದಿಟ್ಟುಕೊಂಡು, ರಸ್ತೆಯ ಮಣ್ಣಿನಲ್ಲಿ ಎರಡೂ ಮೊಣಕಾಲೂರಿ, ತಲೆಯನ್ನು ಸ್ಟಿಯರಿಂಗಿನ ಕೆಳಗೆ ತೂರಿಸಿದರು. ಟಾರ್ಚು ಹಚ್ಚಿ ಪೈಪಿನ ಉದ್ದಕ್ಕೂ ಬೆರಳಾಡಿಸಿದರು. ಬೆರಳನ್ನು ಮೂಗಿಗೆ ಹಿಡಿದರು. ಮತ್ತೆ ಮೊದಲಿನಿಂದ ಆಡಿಸಿದರು.

ಚಹಾದವನು ಕಿಟಕಿಯ ಹತ್ತಿರ ಬಂದು ಗ್ಲಾಸು ಕೊಡುತ್ತ ದನಿ ತಗ್ಗಿಸಿ ಮರಾಠಿಯಲ್ಲಿ ಹೇಳಿದ: ಸಾಹೇಬರು ಭಾರೀ ಭಕ್ತರು. ದಿನಾ ಇಲ್ಲಿ ಇಳಿದು ಗಾಡಿಗೆ ಸಾಷ್ಟಾಂಗ ಮಾಡಿಯೇ ಘಾಟು ಇಳಿಯುವುದು. ಮಳೆ ಬಂದರೂ ಬಿಡುವುದಿಲ್ಲ. ಒಮ್ಮೊಮ್ಮೆ ಅರ್ಧ ತಾಸು. ಇಂಥ ನಿಷ್ಠೆ ಈಗಿನ ಕಾಲದಲ್ಲಿ ಕಡಿಮೆ.

ನಾನು ಹೌದು ಎಂದೆ.

ಅವರು ಬಂದು ಕೂತರು. ಎಂಜಿನ್ ಶುರು ಮಾಡಲಿಲ್ಲ. ಮೊಣಕಾಲಿನ ಮಣ್ಣು ಝಾಡಿಸಿಕೊಂಡರು. ಆ ಪ್ಯಾಂಟನ್ನು ವಾರವಾರವೂ ಒಗೆಯುತ್ತಿದ್ದವಳು ನಾನು. ಕಾರ್ಖಾನೆಯಲ್ಲಿ ನೆಲದ ಮೇಲೆ ಕೂತು ಕೆಲಸ ಮಾಡುತ್ತಾರೆಂದು ತಿಳಿದಿದ್ದೆ.

"ದಿನಾ?" ಎಂದೆ.

"ಒಂದ ನಿಮಿಷದ ಕೆಲಸ."

"ಅರ್ಧ ತಾಸು ಅಂದ ಆಂವ."

"ಅಂವಗ ವ್ಯಾಪಾರ ಇಲ್ಲ. ತಾಸು ಉದ್ದ ಕಾಣ್ತದ."

ಚಹಾ ಕುಡಿದೆವು. ಕೆಳಗೆ ಹಡಪಸರದ ಹೊಗೆ, ಅದರಲ್ಲೆಲ್ಲೋ ನಮ್ಮ ಮನೆ.

"ನಿದ್ದಿ ಬರ್ತದೇನು ನಿನಗ?" ಎಂದು ಕೇಳಿದರು. ಇಷ್ಟು ತಿಂಗಳಲ್ಲಿ ಮೊದಲ ಸಲ.

"ಇಲ್ಲ. ನಿಮಗ?"

"ಎಲ್ಲಿದು."

"ಗೊರಕಿ ಹೊಡೀತಿದ್ರೆಲ್ಲ?"

"ನೀ ಮಲಗಲಿ ಅಂತ ಹೊಡೀತಿದ್ದೆ. ಇಲ್ಲಂದ್ರ ನೀ ಎದ್ದು ಮತ್ತ ಪೈಪಿನ ಮಾತು ತಗೀತಿದ್ದಿ."

ನಾನೂ ಅವರು ಮಲಗಿದ್ದಾರೆಂದು ಅಲುಗಾಡದೆ ಮಲಗಿರುತ್ತಿದ್ದೆ. ಹೀಗೆ ಒಬ್ಬರ ನಿದ್ದೆ ಇನ್ನೊಬ್ಬರಿಂದ ಕೆಡಬಾರದೆಂದು ಇಬ್ಬರೂ ಅಕ್ಟೋಬರಿನಿಂದ ಎಚ್ಚರವಾಗಿದ್ದೆವು. ಘಾಟು ಇಳಿಯುವಾಗ ನೋಡಿದೆ. ಅವರು ಈಗ ಗೇಜನ್ನು ನೋಡುತ್ತಲೇ ಇರಲಿಲ್ಲ. ಮುಳ್ಳು ಅಲುಗದೆ, ಚಂದವಾಗಿ ನಿಂತಿತ್ತು. ಅವರ ಕಣ್ಣು ರಸ್ತೆಗೂ ಬೂಟಿಗೂ ನಡುವೆ ಓಡಾಡುತ್ತಿತ್ತು. ಬಲಗಾಲು ಬ್ರೇಕಿನ ಮೇಲೆ ಪೂರ್ತಿ ಕೂರದೆ, ಯಾವಾಗ ಬೇಕಾದರೂ ಎಗರಲು ತಯಾರಾಗಿ, ತುಸು ಮೇಲೆದ್ದೇ ಇತ್ತು. ಹೀಗೆ ಕಾಲು ಎತ್ತಿಕೊಂಡು ಇಳಿಯುವುದು ಪೈಪಿಗಿಂತ ಅಪಾಯ. ಅದನ್ನು ಹೇಳಿದೆ.

"ಗೊತ್ತದ," ಎಂದರು.

ಅದೇ ವಾರದ ಭಾನುವಾರ ಅವರು ಪೇಟೆಗೆ ಹೋಗಿ ಮೂರನೆಯ ಗೇಜು ತಂದರು. ಕಂಪನಿಯ ಹಳೆಯದನ್ನು ಮರಳಿ ಹಾಕುವ ಹಾಗಿರಲಿಲ್ಲ. ಅದು ಯಾಕೆ ನಡುಗುತ್ತಿತ್ತು ಎಂದು ನೋಡಲು ಬಿಚ್ಚಿದ್ದವರು ಮತ್ತೆ ಜೋಡಿಸಲಾಗದೆ ಬಿಟ್ಟಿದ್ದರು. ಈ ಹೊಸದು ವೈರಿನದು. ತಾಮ್ರದ ಪೈಪನ್ನು ಎಂಜಿನ್ನಿನ ಬುಡದಿಂದ ಬಿಚ್ಚಿ, ಅಲ್ಲಿಗೆ ವೈರಿನ ಬಿರಡೆ ಬಿಗಿದು, ಪೈಪನ್ನು ಮೂರು ತುಂಡಾಗಿ ಮಡಿಚಿ ಗುಜರಿಯವನಿಗೆ ಕೊಟ್ಟರು. ಗಲ್ಲಿಯಲ್ಲಿ ಯಾರನ್ನೂ ಕರೆಯಲಿಲ್ಲ. ಎಂಜಿನ್ ಶುರುವಾದಾಗ ನಾನು ಪಕ್ಕದಲ್ಲಿ ನಿಂತಿದ್ದೆ. ಮುಳ್ಳು ಎದ್ದಿತು, ಸ್ವಲ್ಪ ನಡುಗಿತು.

"ಎಷ್ಟ ತೋರಸ್ತದ?"

"ಏನರೆ ತೋರಸ್ಲಿ ಬಿಡು," ಎಂದು ಅವರು ಬಾನೆಟ್ ಮುಚ್ಚಿದರು.

ಸೋಮವಾರ ಬೆಳಿಗ್ಗೆ ಅತ್ತೆ ಬಾಗಿಲು ಬಡಿದಾಗ ಕಿಟಕಿಯಲ್ಲಿ ಬಿಸಿಲು ಪೂರ್ತಿ ಬಂದಿತ್ತು. ಕಾರ್ಖಾನೆಯ ಪಾಳಿ ಶುರುವಾಗಿತ್ತು, ನನ್ನ ಮೊದಲ ಪಾಠದ ಹೊತ್ತು ಮುಗಿದಿತ್ತು, ಅತ್ತೆ ಗುಡಿಗೆ ಹೋಗಿದ್ದಾಗ ಹಾಲಿನವನು ಕರೆಗಂಟೆ ಒತ್ತಿ ಒತ್ತಿ ಹಾಲನ್ನು ಪಕ್ಕದ ಮನೆಗೆ ಕೊಟ್ಟು ಹೋಗಿದ್ದ.

"ಇಬ್ಬರೂ ಸತ್ತೀರೇನು ಅಂತ ಮಾಡಿದ್ದೆ," ಎಂದರು ಅತ್ತೆ ಬಾಗಿಲಿನಾಚೆಯಿಂದ.

"ಇಲ್ಲ ಅವ್ವ," ಎಂದು ನನ್ನ ಗಂಡ ಮಗ್ಗಲು ಬದಲಿಸಿದರು.